ಸೊಸೆಗೆ ಮೊದಲು ಬಡಿಸಿ

ನಮ್ಮ ಹನಗೋಡು ಕಡೆಯ ಎಷ್ಟೋ ಮನೆಗಳಲ್ಲಿ ಗರ್ಭಿಣಿ ಸೊಸೆ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುತ್ತಾಳೆ. ಅವಳ ತಟ್ಟೆಯಲ್ಲಿ ಮಗುವಿನ ಪಾಲೂ ಇದೆಯೆಂಬುದನ್ನು ಮರೆಯುತ್ತೇವೆ.

ನಮ್ಮ ಜಿಲ್ಲೆಯದೇ ನಿದರ್ಶನವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರ ರಕ್ತ ಪರೀಕ್ಷಿಸಲಾಗಿತ್ತು. ಅವರ ಮಕ್ಕಳ ಕಲಿಕೆ, ನೆನಪಿನ ಶಕ್ತಿಯನ್ನು 9-10ನೇ ವಯಸ್ಸಿನಲ್ಲಿ ಅಳೆದರು. ತಾಯಿಯ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದ ಮಕ್ಕಳಿಗೆ ಹೆಚ್ಚು ಅಂಕ ಬಂದಿತ್ತೆಂದು 2010ರಲ್ಲಿ ಪ್ರಕಟವಾಯಿತು. ಬುದ್ಧಿಗೆ ಇದೊಂದೇ ಕಾರಣವಲ್ಲ, ಆದರೆ ಇದು ನಮ್ಮ ಕೈಯಲ್ಲಿರುವ ಕಾರಣ.

ಸೊಪ್ಪು, ಕಾಳುಗಳಲ್ಲಿ ಫೋಲೇಟ್ ಇದೆ. ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡಿ. ಮಿದುಳಿನ ಬುನಾದಿ ಮೊದಲ ತಿಂಗಳಲ್ಲೇ ಬೀಳುವುದರಿಂದ, ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕೇಳಿ ಫೋಲಿಕ್ ಆಮ್ಲದ ಮಾತ್ರೆ ಆರಂಭಿಸಿ.

ಅತ್ತೆಯಂದಿರೇ, ಇಂದು ರಾತ್ರಿ ಮೊದಲ ತಟ್ಟೆ ಸೊಸೆಗಿರಲಿ.