ವಿರೋಧಿ ರಸಗಳ ಸಹಬಾಳ್ವೆ: ‘ದಿ ಫ್ರೈಟ್‌ನರ್ಸ್’

ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಭಯಾನಕ ಮತ್ತು ಕರುಣಗಳನ್ನು ಹಾಸ್ಯರಸದ ವಿರೋಧಿಗಳೆಂದು ಪರಿಗಣಿಸಿದ್ದಾನೆ. ಈ ಮೂರೂ ಒಂದೇ ಕೃತಿಯಲ್ಲಿ ಕೂಡಿಬಾಳಬಲ್ಲವೆಂಬುದಕ್ಕೆ ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ನಿರ್ದೇಶಿಸಿದ ‘ದಿ ಫ್ರೈಟ್‌ನರ್ಸ್’ (1996) ಎಂಬ ಇಂಗ್ಲಿಷ್ ಚಲನಚಿತ್ರವು ಉತ್ತಮ ನಿದರ್ಶನವಾಗಿದೆ.

ಅಪಘಾತದಲ್ಲಿ ಪತ್ನಿಯನ್ನು ಕಳೆದುಕೊಂಡ ವಾಸ್ತುಶಿಲ್ಪಿ ಫ್ರಾಂಕ್ ಬ್ಯಾನಿಸ್ಟರನಿಗೆ ಪ್ರೇತಗಳು ಕಾಣತೊಡಗುತ್ತವೆ. ಮೂರು ಪ್ರೇತಗಳನ್ನು ಜೊತೆಗೂಡಿಸಿಕೊಂಡು, ಅವುಗಳಿಂದ ಜನರ ಮನೆಗಳಲ್ಲಿ ಕಾಟ ಕೊಡಿಸಿ, ಬಳಿಕ ತಾನೇ ಬಿಡಿಸುವ ಸೋಗು ಹಾಕಿ ಹಣ ಗಳಿಸುತ್ತಾನೆ. ಉಚ್ಚಾಟನೆ ಸುಳ್ಳು, ಭೂತ ಮಾತ್ರ ನಿಜ. ಹಾಸ್ಯವು ಈ ವೈಪರೀತ್ಯದಿಂದಲೇ ಹುಟ್ಟುತ್ತದೆ. ಮುಂದೆ, ಸಾಯಲಿರುವವರ ಹಣೆಯ ಮೇಲೆ ಅವನಿಗೆ ಅಂಕಿಗಳು ಗೋಚರಿಸುತ್ತವೆ. ಮೃತ ಪತ್ನಿಯ ಹಣೆಯಲ್ಲಿಯೂ 13 ಎಂಬ ಅಂಕಿಯನ್ನು ಕೊರೆಯಲಾಗಿತ್ತು. ಹೀಗೆ ಭಯದ ಜಾಡು ಅವನನ್ನು ತನ್ನದೇ ಶೋಕದ ಬಳಿಗೆ ಕರೆತರುತ್ತದೆ. ಹೊಟ್ಟೆಪಾಡಿನ ವಂಚನೆಯು ಆರದ ದುಃಖದ ಮರೆಯಾಗಿತ್ತೆಂಬುದು ಆಗ ಸ್ಪಷ್ಟವಾಗುತ್ತದೆ.

ಅಟ್ಲಾಂಟಾ ಒಲಿಂಪಿಕ್ಸ್ ಆರಂಭವಾದ 1996ರ ಜುಲೈ 19ರಂದೇ ಅಮೆರಿಕದಲ್ಲಿ ತೆರೆಕಂಡ ಈ ಚಿತ್ರಕ್ಕೆ ನಿರೀಕ್ಷಿತ ಪ್ರೇಕ್ಷಕಾದರ ದೊರೆಯಲಿಲ್ಲ. ಇದರ ಪ್ರೇತಗಳನ್ನು ಗಣಕದಲ್ಲಿ ರೂಪಿಸಿದ ವೆಟಾ ಸಂಸ್ಥೆಯ ಅನುಭವವು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (2001–2003) ಚಿತ್ರಗಳಿಗೆ ಒದಗಿಬಂದಿತು. ಆದರೆ ಇದನ್ನು ಕೇವಲ ಆ ಚಿತ್ರಗಳ ಪೂರ್ವಸಿದ್ಧತೆಯೆಂದು ಕಾಣುವುದು ಅನ್ಯಾಯವಾದೀತು. ಇಲ್ಲಿ ನಗು, ಭಯಗಳು ಸರದಿಯಂತೆ ಬಂದುಹೋಗುವುದಿಲ್ಲ. ಎರಡಕ್ಕೂ ಶೋಕವೇ ಆಧಾರವಾಗಿದೆ. ರಸವಿರೋಧವು ಶಮನಗೊಳ್ಳುವುದು ಈ ಏಕಮೂಲತೆಯಿಂದಲೇ ಎನ್ನಬಹುದು.