ಕೊಂಡ ಸರಕು ಕೆಟ್ಟಿದ್ದರೆ

ಕೊಂಡ ವಸ್ತುವಿನಲ್ಲಿ ದೋಷ ಕಂಡಾಗ ಅದನ್ನು ಹಿಂತಿರುಗಿಸುವ ಪ್ರಶ್ನೆ ನಮ್ಮ ಕಾಲಕ್ಕೆ ಹೊಸದಲ್ಲ. ಧರ್ಮಶಾಸ್ತ್ರಕಾರರು ಇದನ್ನು ‘ಕ್ರೀತಾನುಶಯ’ವೆಂದು ಕರೆದರು. ಕ್ರೀತವೆಂದರೆ ಕೊಂಡದ್ದು, ಅನುಶಯವೆಂದರೆ ಪಶ್ಚಾತ್ತಾಪ. ಪರೀಕ್ಷಿಸಿ ನೋಡಲು ಬೀಜಕ್ಕೆ ಹತ್ತು ದಿನ, ರತ್ನಕ್ಕೆ ಏಳು ದಿನ, ಕರೆಯುವ ದನಕ್ಕೆ ಮೂರು ದಿನ, ಕಬ್ಬಿಣಕ್ಕೆ ಒಂದು ದಿನ ಎಂದು ಯಾಜ್ಞವಲ್ಕ್ಯ ಸ್ಮೃತಿ ಅವಧಿಯನ್ನು ಗೊತ್ತುಮಾಡಿದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು.

ಅಂದು ಕೊಳ್ಳುವವನು ಸರಕನ್ನು ಮುಟ್ಟಿ ನೋಡುತ್ತಿದ್ದನು. ಮಾರುವವನ ಮುಖವನ್ನೂ ಕಾಣುತ್ತಿದ್ದನು. ಇಂದು ಫೋನಿನಲ್ಲಿ ಚಿತ್ರವನ್ನು ನೋಡಿ ಹಣ ಕಟ್ಟುತ್ತೇವೆ. ಪೆಟ್ಟಿಗೆ ಬಾಗಿಲಿಗೆ ಬರುತ್ತದೆ. ಒಳಗಿನ ಮಿಕ್ಸಿ ತಿರುಗದಿದ್ದರೆ ಯಾರನ್ನು ಕೇಳುವುದು? ‘ಹೋಗಲಿ, ನಮ್ಮ ಗ್ರಹಚಾರ’ ಎಂದು ಸುಮ್ಮನಾಗುವವರು ಬಹಳ ಮಂದಿ. ಮಿತವರಮಾನದ ಸಂಸಾರಕ್ಕೆ ಇದು ಸಣ್ಣ ನಷ್ಟವಲ್ಲ. ಸುಮ್ಮನಾಗಬೇಕಾದ ಕಾರಣವೂ ಇಲ್ಲ.

೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ೨೦೨೦ರ ಜುಲೈ ತಿಂಗಳಲ್ಲಿ ಜಾರಿಗೆ ಬಂದಿತು. ಅದೇ ತಿಂಗಳು ಆನ್‌ಲೈನ್ ವ್ಯಾಪಾರಕ್ಕೆಂದೇ ನಿಯಮಗಳೂ ಪ್ರಕಟವಾದುವು. ಸರಕು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣ ಅದರಲ್ಲಿಲ್ಲದಿದ್ದರೆ, ಮಾರಾಟಗಾರನು ಅದನ್ನು ವಾಪಸು ಪಡೆಯಲಾಗಲಿ ಹಣ ಮರಳಿಸಲಾಗಲಿ ನಿರಾಕರಿಸಕೂಡದು. ಆದರೆ ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಸೀರೆಯ ಬಣ್ಣ ಹಿಡಿಸಲಿಲ್ಲವೆಂದು ಹಿಂತಿರುಗಿಸುವುದು ಅಂಗಡಿಯ ಸ್ವಂತ ಕಟ್ಟಳೆಗೆ ಸೇರಿದ ಮಾತು. ಸೀರೆ ಹರಿದು ಬಂದಿದ್ದರೆ ಅದು ಕಾನೂನಿನ ಮಾತು.

ಹಾಗಾದರೆ ಮಾಡಬೇಕಾದುದೇನು? ಪೆಟ್ಟಿಗೆಯನ್ನು ಬಿಚ್ಚುವಾಗಲೇ ವಿಡಿಯೋ ತೆಗೆದಿಡಿ. ಬಿಲ್ಲು, ಹಣ ಕಟ್ಟಿದ ದಾಖಲೆ, ಸರಕಿನ ವರ್ಣನೆಯಿದ್ದ ಪುಟದ ಚಿತ್ರ, ಪೆಟ್ಟಿಗೆಯ ಮೇಲಿನ ಚೀಟಿ ಇವನ್ನು ಜೋಪಾನಮಾಡಿ. ಅಂಗಡಿಯವರು ಕೊಟ್ಟ ಅವಧಿಯೊಳಗೆ ಆಪ್‌ನಲ್ಲಿಯೇ ದೂರು ಬರೆದು ಅದರ ಸಂಖ್ಯೆಯನ್ನು ಗುರುತುಹಾಕಿಕೊಳ್ಳಿ. ಬಾಯಿಮಾತಿನ ದೂರಿಗೆ ಸಾಕ್ಷಿಯಿರುವುದಿಲ್ಲ. ಕಿರಿಯರ ಸಹಾಯ ಪಡೆಯಲು ಹಿರಿಯರು ಸಂಕೋಚಪಡಬೇಕಾಗಿಲ್ಲ.

ಪ್ರತಿಯೊಂದು ಆನ್‌ಲೈನ್ ವ್ಯಾಪಾರ ಸಂಸ್ಥೆಯೂ ದೂರು ಪರಿಹಾರದ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ಹೆಸರು ವಿಳಾಸಗಳನ್ನು ಪ್ರಕಟಿಸಬೇಕು. ಅವರು ೪೮ ಗಂಟೆಗಳೊಳಗೆ ದೂರು ತಲುಪಿತೆಂದು ತಿಳಿಸತಕ್ಕದ್ದು. ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ಇದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ಕ್ಕೆ ಕರೆ ಮಾಡಬಹುದು. ಸಹಾಯವಾಣಿಯು ತೀರ್ಪು ಕೊಡುವುದಿಲ್ಲ. ದೂರನ್ನು ಸಂಸ್ಥೆಗೆ ಮುಟ್ಟಿಸಿ ಉತ್ತರವನ್ನು ಕೇಳುತ್ತದೆ. ಎಷ್ಟೋ ವ್ಯಾಜ್ಯಗಳು ಇಲ್ಲಿಯೇ ಮುಗಿಯುತ್ತವೆ.

ತೀರ್ಪೇ ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರಿದವನು ದೆಹಲಿಯಲ್ಲಿರಲಿ ಮುಂಬಯಿಯಲ್ಲಿರಲಿ, ನೀವು ವಾಸಿಸುವ ಜಿಲ್ಲೆಯಲ್ಲಿಯೇ ಅರ್ಜಿ ಹಾಕಬಹುದು. ಇದು ಹೊಸ ಕಾಯಿದೆಯ ದೊಡ್ಡ ಉಪಕಾರ. ಕೊಟ್ಟ ಬೆಲೆ ೫ ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂಬ ನಿಯಮವೂ ಇಲ್ಲ. ಆದರೆ ಎರಡು ವರ್ಷದೊಳಗೆ ಅರ್ಜಿ ಸಲ್ಲಬೇಕು. ದೋಷವನ್ನು ಸರಿಪಡಿಸುವುದು, ಬೇರೆ ಸರಕು ಕೊಡುವುದು, ಬೆಲೆಯನ್ನು ಬಡ್ಡಿಸಹಿತ ಮರಳಿಸುವುದು, ನಷ್ಟಪರಿಹಾರ ಕೊಡುವುದು ಇವುಗಳಲ್ಲಿ ಉಚಿತವಾದುದನ್ನು ಆಯೋಗ ಆಜ್ಞಾಪಿಸಬಲ್ಲದು.

ಕೊನೆಯದಾಗಿ ಒಂದು ಎಚ್ಚರಿಕೆ. ಹಣ ವಾಪಸು ಕೊಡುವೆವೆಂದು ಕರೆ ಮಾಡಿ ಒಟಿಪಿ ಕೇಳುವವರು ವಂಚಕರು. ಹಣ ಪಡೆಯುವುದಕ್ಕೆ ಯಾರೂ ಯುಪಿಐ ಗುಪ್ತಸಂಖ್ಯೆಯನ್ನು ಒತ್ತಬೇಕಾಗಿಲ್ಲ. ಅಂಗಡಿಯ ಫೋನ್ ಸಂಖ್ಯೆಯನ್ನು ಅದರ ಆಪ್‌ನಲ್ಲಿಯೇ ನೋಡಿ; ಬೇರೆಡೆ ಹುಡುಕಬೇಡಿ. ಮೋಸಹೋದುದು ತಿಳಿದೊಡನೆ ೧೯೩೦ಕ್ಕೆ ತಿಳಿಸಿ. ತಡಮಾಡಿದಷ್ಟೂ ಹಣ ಕೈಗೆ ದೂರವಾಗುತ್ತದೆ.