ಅಂಗಡಿಯಲ್ಲಿ ಸಿಗದ ಪ್ರಾಜೆಕ್ಟ್

ಪ್ರಾಜೆಕ್ಟ್ ಅಂದ ಕೂಡಲೇ ಮನೆಯಲ್ಲಿ ಥರ್ಮಾಕೋಲ್, ಚಾರ್ಟ್ ಪೇಪರಿನ ಗಡಿಬಿಡಿ ಶುರುವಾಗುತ್ತದೆ. ಅಬ್ಬಾ ದುಡ್ಡು ಕೊಡ್ತಾರೆ, ಅಮ್ಮಿ ಅಂಟಿಸ್ತಾರೆ, ಅಂಕ ಮಗುವಿಗೆ. ದುಡ್ಡಿಲ್ಲದ ಮನೆಯ ಮಗು ತಲೆ ತಗ್ಗಿಸಿ ನಿಲ್ಲುತ್ತದೆ. ಇದರಲ್ಲಿ ಕಲಿತವರು ಯಾರು?

ನಿಜವಾದ ಪ್ರಾಜೆಕ್ಟ್ ಒಂದು ಪ್ರಶ್ನೆಯಿಂದ ಹುಟ್ಟುತ್ತದೆ. ಬಾಂದ್ರಾದ ಎಂಟನೇ ತರಗತಿಯನ್ನೇ ತೆಗೆದುಕೊಳ್ಳೋಣ. ಪಕ್ಕದಲ್ಲೇ ಮೀಠಿ ನದಿ ಮಾಹಿಮ್ ಬಳಿ ಸಮುದ್ರ ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯೊಳಗೆ 944 ಮಿ.ಮೀ. ಮಳೆ ಸುರಿಯಿತು. 'ಅಂದು ನಮ್ಮ ಗಲ್ಲಿಯಲ್ಲಿ ನೀರು ಎಲ್ಲಿವರೆಗೆ ಏರಿತ್ತು, ಯಾಕೆ?' ಇದೇ ಪ್ರಶ್ನೆ.

ಹಿರಿಯರು ತೋರಿಸಿದ ಗೋಡೆಗೆ ಮಕ್ಕಳು ಟೇಪ್ ಹಿಡಿದು ಅಳೆದರೆ ಅದು ಗಣಿತ. ಸಮುದ್ರಕ್ಕೆ ಉಬ್ಬರ ಬಂದಾಗ ನದಿಯ ನೀರು ಯಾಕೆ ಇಳಿಯೋದಿಲ್ಲ ಅನ್ನೋದು ಭೂಗೋಳ. ದಾದಿ ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯೋದು ಭಾಷೆ. ಕೊನೆಗೆ ನಕ್ಷೆ ಬಿಡಿಸಿ ಗಲ್ಲಿಯವರಿಗೇ ತೋರಿಸಬೇಕು. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಮಾಡುತ್ತಾ ಕಲಿಯುವುದು ನಮಗೆ ಹೊಸದಲ್ಲ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕೈಕೆಲಸದ ಮೂಲಕ ಕಲಿಸುವ ಯೋಜನೆ ಮುಂದಿಟ್ಟಾಗ, ಅದಕ್ಕೆ ಪಠ್ಯಕ್ರಮ ರೂಪಿಸಿದ ಸಮಿತಿಯ ಅಧ್ಯಕ್ಷರು ಡಾ. ಜಾಕಿರ್ ಹುಸೇನ್.

ಇಲ್ಲಿ ಶಿಕ್ಷಕರ ಕೆಲಸ ಕಡಿಮೆಯಾಗೋದಿಲ್ಲ. ಗುಂಪು ಮಾಡಬೇಕು, ವಾರಕ್ಕೊಮ್ಮೆ ಟಿಪ್ಪಣಿ ನೋಡಬೇಕು, ಉತ್ತರ ಹೇಳಿಕೊಡದೆ ತಾಳ್ಮೆಯಿಂದ ಇರಬೇಕು. ಅಂಕವೂ ಅಂದಚಂದಕ್ಕಲ್ಲ, ಮಗು ಏನು ಕೇಳಿತು, ಹೇಗೆ ಅಳೆಯಿತು, ಎಲ್ಲಿ ತಿದ್ದಿಕೊಂಡಿತು ಅನ್ನೋದಕ್ಕೆ. ಆಗ ಥರ್ಮಾಕೋಲ್ ಕೊಳ್ಳಲಾಗದ ಮಗುವೂ ತಲೆಯೆತ್ತಿ ನಿಲ್ಲುತ್ತದೆ. ಯಾಕಂದ್ರೆ ನೀರು ನುಗ್ಗಿದ ಮನೆಯ ಕತೆ ಅದಕ್ಕೇ ಚೆನ್ನಾಗಿ ಗೊತ್ತು.